ಬಣ್ಣದ ಕೆಲಸಕ್ಕೆ ಮುಂಚೆ ಫ್ಯಾನು, ಸ್ವಿಚ್‌ಬೋರ್ಡು, ಎಸಿಗೆ ಏನು ಮಾಡಬೇಕು?

ಪ್ರಶ್ನೆ: ದೀಪಾವಳಿಗೆ ಮುಂಚೆ 10x12 ಅಡಿಯ ರೂಮಿಗೆ ಪುಟ್ಟಿ ಹಾಕಿಸಿ ಬಣ್ಣ ಹೊಡೆಸುತ್ತಿದ್ದೇವೆ, ಸೀಲಿಂಗ್ ಸಮೇತ. ಹಿಂದಿನ ಸಲ ಫ್ಯಾನಿಗೆ ಪೇಪರ್ ಸುತ್ತಿದ್ದರೂ ಆಮೇಲೆ ಗರಗರ ಸದ್ದು, ಅಲುಗಾಟ ಶುರುವಾಯಿತು. ಈ ಸಲ ಫ್ಯಾನು ಪೂರ್ತಿ ಇಳಿಸಬೇಕೇ? (ದಾವಣಗೆರೆ)

ಇಳಿಸಬೇಕಿಲ್ಲ, ರೆಕ್ಕೆ ಬಿಚ್ಚಿದರೆ ಸಾಕು. ಫ್ಯಾನನ್ನು ಹಾಳು ಮಾಡುವುದು ಬಣ್ಣದ ಹನಿಗಿಂತ ಹೆಚ್ಚಾಗಿ ಪುಟ್ಟಿಯ ಧೂಳು. ಎಮರಿ ಪೇಪರ್ ಹಾಕಿ ಉಜ್ಜುವಾಗ ಏಳುವ ಆ ಹಿಟ್ಟು ಪೇಪರಿನ ಸಂದಿಯಲ್ಲಿ ನುಸುಳಿ, ರಾಡು ಮೋಟಾರಿಗೆ ಸೇರುವ ಕಡೆಯಿಂದ ಬೇರಿಂಗಿನ ಗ್ರೀಸಿಗೆ ಇಳಿಯುತ್ತದೆ. ಗರಗರ ಸದ್ದಿಗೆ ಹೆಚ್ಚಾಗಿ ಅದೇ ಕಾರಣ. ಹಾಗಾಗಿ ಪುಟ್ಟಿ ಉಜ್ಜುವುದಕ್ಕೆ ಮುಂಚೆಯೇ ಎಲ್ಲ ಮುಚ್ಚಿರಬೇಕು. ಬಣ್ಣದ ಡಬ್ಬಿ ಬಿಚ್ಚುವ ದಿನ ಮುಚ್ಚಿದರೆ ತಡವಾಯಿತು.

ಮೊದಲು ಆ ರೂಮಿನ ಎಂಸಿಬಿ (ಮೇನ್ ಬೋರ್ಡಿನಲ್ಲಿ ಆ ಲೈನಿಗಿರುವ ಸ್ವಿಚ್ಚು) ಆಫ್ ಮಾಡಿ. ಅಷ್ಟಕ್ಕೇ ನಿಲ್ಲಿಸಬೇಡಿ: ಮನೆಯಲ್ಲಿ ಯುಪಿಎಸ್ ಇದ್ದರೆ ಫ್ಯಾನು, ಲೈಟಿನ ಲೈನಿಗೆ ಅಲ್ಲಿಂದಲೂ ಕರೆಂಟ್ ಬರುತ್ತಿರುತ್ತದೆ. ಮೇನ್ ಆಫ್ ಮಾಡಿದ್ದೇನೆಂದು ನಂಬಿ ಏಣಿ ಹತ್ತುವವರು ಎಡವುವುದು ಇಲ್ಲೇ. ಯುಪಿಎಸ್ಸನ್ನೂ ಆಫ್ ಮಾಡಿ, ಟೆಸ್ಟರನ್ನು ಬೇರೆ ರೂಮಿನ ಕರೆಂಟ್ ಇರುವ ಸಾಕೆಟ್ಟಿನಲ್ಲಿ ಇಟ್ಟು ಅದು ಉರಿಯುತ್ತದೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಈ ರೂಮಿನಲ್ಲಿ ನೋಡಿ. ಎಂಸಿಬಿ ಮೇಲೆ ಟೇಪ್ ಅಂಟಿಸಿ ‘ಮುಟ್ಟಬೇಡಿ’ ಎಂದು ಬರೆದಿಡಿ. ಪೇಂಟರಿಗೆ ಲೈಟು ಬೇಕಾದರೆ ಪಕ್ಕದ ರೂಮಿನಿಂದ ಎಕ್ಸ್‌ಟೆನ್ಷನ್ ಎಳೆದುಕೊಡಿ.

ಈಗ ಫ್ಯಾನು. ಮೂರು ರೆಕ್ಕೆಗೂ, ಅವು ಕೂರುವ ಮೋಟಾರಿನ ಜಾಗಕ್ಕೂ ಮಾರ್ಕರಿನಲ್ಲಿ 1, 2, 3 ಎಂದು ಬರೆಯಿರಿ. ರೆಕ್ಕೆಗಳು ಒಂದಕ್ಕೊಂದು ತೂಕ ಹೊಂದಿಸಿದ ಸೆಟ್ಟು. ಎರಡು ಫ್ಯಾನಿನ ರೆಕ್ಕೆ ಬೆರೆತರೆ ಅಲುಗಾಟ ತಪ್ಪದು. ಬಿಚ್ಚಿದ ಸ್ಕ್ರೂಗಳನ್ನು ಸಣ್ಣ ಕವರಿಗೆ ಹಾಕಿ ಆ ರೆಕ್ಕೆಗೇ ಕಟ್ಟಿಬಿಡಿ. ಸೀಲಿಂಗಿಗೆ ತಾಗಿರುವ ಬಟ್ಟಲಿನಂಥ ಮುಚ್ಚಳದ (ಕಪ್) ಸ್ಕ್ರೂ ಸಡಿಲಿಸಿ, ಅದನ್ನು ರಾಡಿನುದ್ದಕ್ಕೆ ಕೆಳಗೆ ಜಾರಿಸಿ. ಇದನ್ನು ಮಾಡದಿದ್ದರೆ ಮುಂದೆ ಎಂದಾದರೂ ಆ ಕಪ್ ಇಳಿದಾಗ ಹಳೆ ಬಣ್ಣದ ಉಂಗುರ ಸೀಲಿಂಗಿನಲ್ಲಿ ಕಾಣುತ್ತದೆ. ನಂತರ ದೊಡ್ಡ ಕಸದ ಕವರನ್ನು ಕೆಳಗಿನಿಂದ ಮೋಟಾರಿಗೆ ಏರಿಸಿ, ಆ ಕಪ್ ಕೂಡ ಒಳಗೆ ಬರುವಂತೆ ಬಾಯನ್ನು ರಾಡಿಗೆ ಬಿಗಿಯಾಗಿ ಟೇಪ್ ಸುತ್ತಿ ಮುಚ್ಚಿ. ಹೇಗೂ ಏಣಿ ಹತ್ತಿದ್ದೀರಿ, ಹುಕ್ಕಿನ ಬೋಲ್ಟು ಬಿಗಿಯಾಗಿದೆಯೇ, ಅದು ಜಾರದಂತೆ ತಡೆಯುವ ಸ್ಪ್ಲಿಟ್ ಪಿನ್ ಜಾಗದಲ್ಲಿದೆಯೇ ನೋಡಿಬಿಡಿ.

ಮತ್ತೆ ಜೋಡಿಸಿದ ಮೇಲೂ ಅಲುಗಿದರೆ, ಫ್ಯಾನನ್ನು ಕೈಯಲ್ಲಿ ತಿರುಗಿಸುತ್ತಾ ಪ್ರತಿ ರೆಕ್ಕೆಯ ತುದಿಯನ್ನೂ ಒಂದೇ ಜಾಗಕ್ಕೆ ತಂದು, ಅಲ್ಲಿಂದ ಸೀಲಿಂಗಿಗೆ ಎಷ್ಟಿದೆ ಎಂದು ಟೇಪಿನಲ್ಲಿ ಅಳೆಯಿರಿ. ಒಂದು ರೆಕ್ಕೆಯ ಅಳತೆ ಬೇರೆ ಬಂದರೆ ಅದರ ಸ್ಕ್ರೂ ಸಡಿಲವಿದೆ, ಇಲ್ಲವೇ ತೊಳೆಯುವಾಗ ಬಾಗಿದೆ.

ಪ್ರಶ್ನೆ: ಸ್ವಿಚ್‌ಬೋರ್ಡಿನ ಸುತ್ತ ಅಂಟಿಸಿದ್ದ ಮಾಸ್ಕಿಂಗ್ ಟೇಪ್ ಕಿತ್ತಾಗ ಹೊಸ ಬಣ್ಣವೇ ಸಿಪ್ಪೆಯಂತೆ ಎದ್ದು ಬಂತು. ಟೇಪ್ ಕಳಪೆಯೇ? (ಮೈಸೂರು)

ಟೇಪಿನ ತಪ್ಪು ಕಡಿಮೆ, ಕಿತ್ತ ಸಮಯದ್ದು ಜಾಸ್ತಿ. ಎಮಲ್ಷನ್ (ನೀರು ಬೆರೆಸುವ ಗೋಡೆ ಬಣ್ಣ) ಒಣಗಿದಾಗ ಗೋಡೆಯಿಂದ ಟೇಪಿನ ಮೇಲಕ್ಕೆ ಒಂದೇ ಪೊರೆಯಾಗಿ ಹಬ್ಬಿರುತ್ತದೆ. ಎರಡು ದಿನ ಬಿಟ್ಟು ಎಳೆದರೆ ಟೇಪಿನ ಜೊತೆ ಪೊರೆಯೂ ಬರುತ್ತದೆ. ಕೊನೆಯ ಕೋಟ್ ಹೊಡೆದು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ, ಬೆರಳಿಗೆ ಅಂಟದಷ್ಟು ಆರಿದಾಗ, ಟೇಪನ್ನು ಅದರ ಮೇಲೇ ಹಿಂದಕ್ಕೆ ಮಡಚಿ ಓರೆಯಾಗಿ ನಿಧಾನಕ್ಕೆ ಎಳೆಯಿರಿ. ಈಗಾಗಲೇ ಪೂರ್ತಿ ಒಣಗಿದ್ದರೆ ಮೊದಲು ಹೊಸ ಕಟರ್ ಬ್ಲೇಡಿನಲ್ಲಿ ಅಂಚಿನುದ್ದಕ್ಕೂ ಗೀರಿ, ಆಮೇಲೆ ಎಳೆಯಿರಿ. ಖಾಕಿ ಬಣ್ಣದ ಪ್ಯಾಕಿಂಗ್ ಟೇಪ್ ಮಾತ್ರ ಬೇಡವೇ ಬೇಡ, ಗೋಂದು ಉಳಿದು ಧೂಳು ಹಿಡಿಯುತ್ತದೆ.

ಟೇಪ್ ಎಷ್ಟು ಬೇಕೆಂದೂ ಲೆಕ್ಕ ಹಾಕಿಕೊಳ್ಳಿ. 10x12 ರೂಮಿನ ಸ್ಕರ್ಟಿಂಗ್ (ಗೋಡೆಯ ಬುಡದ ಪಟ್ಟಿ) ಸುತ್ತಳತೆ 44 ಅಡಿ, ಅಂದರೆ ಸುಮಾರು 13.4 ಮೀಟರ್. ಒಂದಿಂಚು ಅಗಲದ, 20 ಮೀಟರಿನ ಒಂದು ರೋಲು ಬಹುಪಾಲು ಅದಕ್ಕೇ ಹೋಗುತ್ತದೆ. ಬಾಗಿಲು, ಕಿಟಕಿ, ಬೋರ್ಡುಗಳಿಗೆ ಇನ್ನೊಂದು.

ಆದರೆ ಬೋರ್ಡಿನ ಮಟ್ಟಿಗೆ ಟೇಪಿಗಿಂತ ಪ್ಲೇಟು ತೆಗೆಯುವುದೇ ಮೇಲು. ಮಾಡ್ಯುಲರ್ ಬೋರ್ಡಾದರೆ ಹೊರಗಿನ ಫ್ರೇಮಿನ ಅಂಚಿನಲ್ಲಿ ಸಣ್ಣ ಕಚ್ಚು ಇರುತ್ತದೆ. ಕರೆಂಟ್ ಆಫ್ ಆಗಿರುವುದನ್ನು ನೋಡಿಕೊಂಡು ಅಲ್ಲಿ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ಮೆಲ್ಲಗೆ ಮೀಟಿದರೆ ಫ್ರೇಮ್ ಟಕ್ಕೆಂದು ಬಿಚ್ಚಿಕೊಳ್ಳುತ್ತದೆ. ಒಳಗಿನ ಸ್ವಿಚ್ಚುಗಳ ಮೇಲೆ ಟೇಪ್ ಅಂಟಿಸಿ. ಹಳೆ ಕಾಲದ ಸ್ಕ್ರೂ ಹಾಕಿದ ಶೀಟಿನ ಬೋರ್ಡನ್ನು ಮುಂದಕ್ಕೆ ಎಳೆಯಬೇಡಿ: ವೈರಿನ ಹೊದಿಕೆ ಒಣಗಿ ಗಡಸಾಗಿರುತ್ತದೆ, ಬಗ್ಗಿಸಿದರೆ ಬಿರುಕು ಬಿಡುತ್ತದೆ. ಸ್ಕ್ರೂಗಳನ್ನು ಎರಡು ಸುತ್ತು ಮಾತ್ರ ಸಡಿಲಿಸಿ, ಶೀಟಿನ ಹಿಂದೆ ಟೇಪಿನ ಅಂಚು ತೂರಿಸಿದರೆ ಸಾಕು. ಗೋಡೆ ಹಸಿ ಇರುವಾಗ ಆ ಬೋರ್ಡಿಗೆ ಕರೆಂಟ್ ಕೊಡಬೇಡಿ.

ಪ್ರಶ್ನೆ: ಸ್ಪ್ಲಿಟ್ ಎಸಿ, ಫಾಲ್ಸ್ ಸೀಲಿಂಗಿನ ಎಲ್‌ಇಡಿ ಲೈಟುಗಳು ಇವೆ. ಸೆಕೆ ಎಂದು ಪೇಂಟರು ಆಗಾಗ ಎಸಿ ಹಾಕುತ್ತಾರೆ. (ಕಲಬುರಗಿ)

ಹಾಕಲು ಬಿಡಬೇಡಿ, ಹತ್ತು ನಿಮಿಷಕ್ಕೂ. ಎಸಿ ಓಡುವಾಗ ಒಳಗಿನ ಕಾಯಿಲಿನ ಮೇಲೆ ನೀರು ಕೂರುತ್ತದೆ. ಫಿಲ್ಟರ್ ತಡೆಯದ ನುಣ್ಣನೆ ಪುಟ್ಟಿ ಧೂಳು ಆ ನೀರಿಗೆ ಸೇರಿ ಮೆತ್ತಿಕೊಳ್ಳುತ್ತದೆ, ತೊಳೆದು ಇಳಿದದ್ದು ಡ್ರೈನ್ ಪೈಪಿನಲ್ಲಿ ಕಟ್ಟುತ್ತದೆ. ಕೆಲವೇ ವಾರದಲ್ಲಿ ಎಸಿಯಿಂದ ನೀರು ಸುರಿದು ಹೊಸ ಬಣ್ಣದ ಗೋಡೆಯ ಮೇಲೇ ಕಲೆ. ಯೂನಿಟ್ಟಿಗೆ ನಾಲ್ಕೂ ಕಡೆಯಿಂದ ಪ್ಲಾಸ್ಟಿಕ್ ಶೀಟ್ ಮುಚ್ಚಿ ಟೇಪ್ ಹಾಕಿ, ಎಸಿಯ ಎಂಸಿಬಿ ಇಳಿಸಿ. ಕೆಲಸವೆಲ್ಲ ಮುಗಿದು ರೂಮು ಒರೆಸಿದ ಮೇಲೆ ಫಿಲ್ಟರ್ ತೊಳೆದು ಆಮೇಲೆ ಹಾಕಿ. ಯೂನಿಟ್ಟಿನ ಹಿಂದಿನ ಗೋಡೆಗಾಗಿ ಎಸಿ ಇಳಿಸುವುದು ದಂಡದ ಖರ್ಚು, ಕಾಣುವ ಅಂಚಿಗೆ ನಾಲ್ಕಿಂಚಿನ ರೋಲರ್ ಆಡಿಸಿದರೆ ಆಯಿತು.

ಸೀಲಿಂಗಿನೊಳಗೆ ಕೂತ ಎಲ್‌ಇಡಿ ಲೈಟುಗಳನ್ನು ಎರಡು ಸ್ಪ್ರಿಂಗ್ ಕಚ್ಚಿ ಹಿಡಿದಿರುತ್ತವೆ. ಎರಡೂ ಕೈಯಲ್ಲಿ ಸಮನಾಗಿ ಕೆಳಗೆ ಎಳೆದು, ಸ್ಪ್ರಿಂಗ್ ಹೊರಬರುವಾಗ ಬೆರಳಲ್ಲಿ ಒತ್ತಿ ಹಿಡಿಯಿರಿ. ಒಮ್ಮೆಲೇ ಬಿಟ್ಟರೆ ಅದು ಬೆರಳಿಗೂ ಬಡಿಯುತ್ತದೆ, ಜಿಪ್ಸಮ್ ಅಂಚನ್ನೂ ಒಡೆಯುತ್ತದೆ. ತೆಗೆಯಲಾಗದ ಲೈಟಿಗೆ ಕವರ್ ಹಾಕಿದ್ದರೆ ಅದನ್ನು ಉರಿಸಬೇಡಿ, ಬಿಸಿ ಒಳಗೇ ಉಳಿದು ಆಯಸ್ಸು ಕಡಿಮೆಯಾಗುತ್ತದೆ.

ಪ್ರಶ್ನೆ: ಸ್ವಿಚ್ಚಿನ ಮೇಲೆ ಬಿದ್ದ ಹನಿಗೆ ಥಿನ್ನರ್ ಹಚ್ಚಿದೆವು, ಪ್ಲಾಸ್ಟಿಕ್ಕೇ ಮಂಕಾಯಿತು. ಪರದೆ ಕಂಬಿಯ ತೂತುಗಳೂ ಪುಟ್ಟಿಯಲ್ಲಿ ಮುಚ್ಚಿಹೋಗಿವೆ. (ಶಿವಮೊಗ್ಗ)

ಥಿನ್ನರ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ, ಮಂಕಾದದ್ದು ಇನ್ನು ಹೊಳಪಾಗದು, ಆ ಪ್ಲೇಟು ಬದಲಿಸಿ. ಎಮಲ್ಷನ್ ಹನಿಗೆ ನೀರೇ ಸಾಕು. ಕರೆಂಟ್ ಆಫ್ ಮಾಡಿ, ಪ್ಲೇಟು ಬಿಚ್ಚಿ, ಒದ್ದೆ ಬಟ್ಟೆಯನ್ನು ಹದಿನೈದು ನಿಮಿಷ ಅದರ ಮೇಲೆ ಇಟ್ಟು, ಹಳೆ ಎಟಿಎಂ ಕಾರ್ಡಿನ ಅಂಚಿನಲ್ಲಿ ಕೆರೆಯಿರಿ. ಬಾಗಿಲಿನ ಹಿತ್ತಾಳೆ ಹಿಡಿಗೆ ಬಿದ್ದ ಎನಾಮಲ್ಲಿಗೆ (ಎಣ್ಣೆ ಬಣ್ಣ) ಟರ್ಪೆಂಟೈನ್. ಅಂಥ ಹಿಡಿಗಳಿಗೆ ಮೊದಲೇ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಒತ್ತಿ ಸುತ್ತಿದ್ದರೆ ಈ ಕೆಲಸವೇ ಇರುತ್ತಿರಲಿಲ್ಲ.

ಮುಚ್ಚಿಹೋದ ತೂತು ಹುಡುಕಲು, ಕಂಬಿಯ ಇನ್ನೊಂದು ಬದಿಯ ತೂತು ಕಾಣುತ್ತಿದ್ದರೆ ಅದರ ಅಳತೆ ನೋಡಿ ಈ ಬದಿಯ ಬ್ರಾಕೆಟ್ಟಿನ ಜಾಗಕ್ಕೆ ಗುರುತು ಹಾಕಿ, ದಬ್ಬಳದಲ್ಲಿ ಚುಚ್ಚಿ ನೋಡಿ. ಗಟ್ಟಿ ಗೋಡೆಯ ನಡುವೆ ಪ್ಲಾಸ್ಟಿಕ್ ಪ್ಲಗ್ ಮೆತ್ತಗೆ ಸಿಗುತ್ತದೆ. ಮುಂದಿನ ಸಲ ಬ್ರಾಕೆಟ್ ಬಿಚ್ಚಿದ ಕೂಡಲೇ ಪ್ರತಿ ಪ್ಲಗ್ಗಿಗೂ ಒಂದು ಬೆಂಕಿಕಡ್ಡಿ ಸಿಕ್ಕಿಸಿಡಿ. ಪುಟ್ಟಿ ಅದರ ಸುತ್ತ ಹೋಗುತ್ತದೆ, ಬಣ್ಣ ಒಣಗಿದ ಮೇಲೆ ಕಡ್ಡಿ ಕಿತ್ತು ಸ್ಕ್ರೂ ತಿರುಗಿಸಿದರಾಯಿತು.