ಭಯ ಕಡಿಮೆಯಾಯಿತು, ಗಿಲ್ಟ್ ಹೋಗುತ್ತಿಲ್ಲ

ಪ್ರಶ್ನೆ: ನನಗೆ 31 ವರ್ಷ. ಮಗಳಿಗೆ ಎರಡು ತುಂಬಿದೆ. ಹೆರಿಗೆಯಾದ ಸ್ವಲ್ಪ ದಿನಕ್ಕೇ, ಅವಳಿಗೆ ನಾನೇ ಏನಾದರೂ ಮಾಡಿಬಿಟ್ಟರೆ ಅನ್ನೋ ಯೋಚನೆ ಶುರುವಾಯಿತು. ಚಾಕು ಮುಟ್ಟಲು ಭಯ, ಅವಳಿಗೆ ಸ್ನಾನ ಮಾಡಿಸಲು ಭಯ. ಡಾಕ್ಟರು ಒಸಿಡಿ ಎಂದರು, ಅಂದರೆ ಬೇಡದ ಯೋಚನೆ ಪದೇ ಪದೇ ಕಾಡುವ, ಅದನ್ನು ತಣಿಸಲು ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕಾಯಿಲೆ. ಒಂದು ವರ್ಷದಿಂದ ಮಾತ್ರೆ, ಥೆರಪಿ ಎರಡೂ ನಡೆದಿವೆ, ಎಷ್ಟೋ ವಾಸಿ. ಆದರೆ ಈಗ ಅದೇ ಯೋಚನೆ ಬಂದರೆ ಮೊದಲಿನ ಹಾಗೆ ಎದೆ ಹೊಡೆದುಕೊಳ್ಳುವುದಿಲ್ಲ. ಹಾಗಾದರೆ ನನ್ನ ಮನಸ್ಸು ಕಲ್ಲಾಗಿಬಿಟ್ಟಿತಾ? ದಿನಾ ರಾತ್ರಿ ಎಲ್ಲವನ್ನೂ ಗಂಡನ ಹತ್ತಿರ ಹೇಳಿಕೊಂಡು, ‘ನಾನು ಕೆಟ್ಟವಳಲ್ಲ ಅಲ್ವಾ’ ಎಂದು ಕೇಳದಿದ್ದರೆ ನಿದ್ದೆ ಬರಲ್ಲ. ಮೊದಲ ವರ್ಷ ಮಗಳನ್ನು ಸರಿಯಾಗಿ ಎತ್ತಿಕೊಳ್ಳಲೇ ಇಲ್ಲ ಅನ್ನೋ ಸಂಕಟ ಬೇರೆ.
– ಹೆಸರು ಬೇಡ

ಉತ್ತರ: ಭಯ ಇಳಿದಿರುವುದು ಚಿಕಿತ್ಸೆ ಕೆಲಸ ಮಾಡಿದ್ದರಿಂದ. ಇದನ್ನು ಒಂದೇ ಸಲ ಹೇಳುತ್ತೇನೆ, ಯಾಕೆ ಅಂತ ಮುಂದೆ ನಿಮಗೇ ಗೊತ್ತಾಗುತ್ತದೆ.

ಒಸಿಡಿಯ ಥೆರಪಿಯಲ್ಲಿ ಹೆದರಿಸುವ ಕೆಲಸವನ್ನೇ ಮತ್ತೆ ಮತ್ತೆ ಮಾಡಿಸುತ್ತಾರೆ, ಓಡಿಹೋಗದೆ, ಯಾರಿಂದಲೂ ‘ಏನೂ ಆಗಲ್ಲ’ ಅನ್ನಿಸಿಕೊಳ್ಳದೆ. ಹಾಗೆ ಮಾಡ್ತಾ ಮಾಡ್ತಾ ಮೆದುಳು ಆ ಯೋಚನೆಗೆ ಗಂಟೆ ಬಾರಿಸುವುದನ್ನು ಕಡಿಮೆ ಮಾಡುತ್ತದೆ. ಚೇತರಿಸಿಕೊಳ್ಳುವಾಗ ತುಂಬ ಜನ ಇಲ್ಲೇ ಗಾಬರಿಯಾಗುತ್ತಾರೆ. ಇಷ್ಟು ದಿನ ಆ ಭಯವೇ ‘ನಾನು ಒಳ್ಳೆಯವಳು’ ಅನ್ನೋದಕ್ಕೆ ಸಾಕ್ಷಿಯ ಹಾಗೆ ಇತ್ತು, ಈಗ ಸಾಕ್ಷಿಯೇ ಕಾಣುತ್ತಿಲ್ಲ, ಹಾಗಾಗಿ ಆ ಜಾಗಕ್ಕೆ ಗಿಲ್ಟ್ ಬಂದು ಕೂತಿದೆ. ಮಾತು ಬದಲಾಗಿದೆ, ಮಾತಾಡುತ್ತಿರುವುದು ಅದೇ ಒಸಿಡಿ.

ಯೋಚನೆಗಳ ವಿಷಯಕ್ಕೆ ಬಂದರೆ, 1978ರಲ್ಲಿ ಸ್ಟಾನ್ಲಿ ರಾಕ್‌ಮನ್ ಮತ್ತು ಪದ್ಮಲ್ ಡಿ ಸಿಲ್ವಾ ಎಂಬ ಮನಶ್ಶಾಸ್ತ್ರಜ್ಞರು ಒಸಿಡಿ ಇಲ್ಲದ ಜನರನ್ನೂ ಇದೇ ಕೇಳಿದ್ದರು. ಹೆಚ್ಚಿನವರಿಗೆ ಬೇಡದ, ಕೆಟ್ಟ ಯೋಚನೆಗಳು ಬರುತ್ತಿದ್ದವು. ಒಸಿಡಿ ಇದ್ದವರ ಯೋಚನೆ ಯಾವುದು, ಇಲ್ಲದವರದು ಯಾವುದು ಎಂದು ಬೇರೆ ಮಾಡಲು ತಜ್ಞರಿಗೇ ಕಷ್ಟವಾಯಿತು. ಒಸಿಡಿ ಇಲ್ಲದವರು ‘ಥೂ, ಇದೆಂಥದು’ ಅಂದುಕೊಂಡು ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಒಸಿಡಿ ಇರುವವರು ಅಲ್ಲೇ ನಿಂತು ತಮ್ಮ ಮೇಲೇ ವಿಚಾರಣೆ ಶುರುಮಾಡುತ್ತಾರೆ.

ನಿಮ್ಮ ರಾತ್ರಿಯ ಮಾತುಕತೆ ಅಂಥ ವಿಚಾರಣೆಯೇ. ಪ್ರಾಮಾಣಿಕತೆ ಅನ್ನಿಸುತ್ತದೆ, ಆದರೆ ಅದು ಮಾಡುವ ಕೆಲಸ ಪದೇ ಪದೇ ಕೈ ತೊಳೆಯುವಂಥದ್ದು. ಗಂಡ ‘ಇಲ್ಲ ಕಣೇ, ನೀನು ಒಳ್ಳೆಯವಳು’ ಅಂದ ತಕ್ಷಣ ಹಗುರವಾಗುತ್ತದೆ, ಮಾರನೇ ದಿನ ಮತ್ತೆ ಬೇಕಾಗುತ್ತದೆ. ಅವರಿಗೆ ಹಗಲು ಹೊತ್ತಿನಲ್ಲಿ ಇದನ್ನು ವಿವರಿಸಿ. ರಾತ್ರಿ ನೀವು ಕೇಳಿದಾಗ ಅವರು ‘ಇದಕ್ಕೆ ಉತ್ತರ ಕೊಡಲ್ಲ ಅಂತ ಮಾತಾಡಿಕೊಂಡಿದ್ದೀವಲ್ಲ, ಬಾ, ಪಕ್ಕದಲ್ಲಿ ಕೂತ್ಕೋ’ ಅನ್ನಲಿ. ಸಿಟ್ಟಿನಿಂದ ಅಲ್ಲ, ಪ್ರೀತಿಯಿಂದ. ಒಮ್ಮೆಲೇ ನಿಲ್ಲಿಸಲು ಆಗದಿದ್ದರೆ ಮೊದಲು ಅರ್ಧ ಗಂಟೆ ತಡಮಾಡಿ, ಆಮೇಲೆ ಒಂದು ದಿನ ಬಿಡಿ. ಆ ಹೊತ್ತಿನಲ್ಲಿ ಗಿಲ್ಟ್ ಎದೆಯ ಮೇಲೆ ಕೂತೇ ಇರುತ್ತದೆ. ಇರಲಿ. ‘ಕೆಟ್ಟವಳಿರಬಹುದು, ಇಲ್ಲದಿರಬಹುದು, ಇವತ್ತು ಇದನ್ನು ತೀರ್ಮಾನಿಸಲ್ಲ’ ಅಂದುಕೊಂಡು ಮಲಗಿ. ಮೊದಮೊದಲು ನಿದ್ದೆ ಕೆಡಬಹುದು, ನಿಜಕ್ಕೂ ಕಷ್ಟದ ಕೆಲಸ ಇದು. ನಿಮ್ಮ ಥೆರಪಿಸ್ಟ್‌ಗೂ ಈ ರಾತ್ರಿಯ ಅಭ್ಯಾಸದ ಬಗ್ಗೆ ಹೇಳಿ, ಇದನ್ನೇ ಮುಂದಿನ ಅಭ್ಯಾಸವಾಗಿ ತೆಗೆದುಕೊಳ್ಳಬಹುದು.

ಮಗಳ ಮೊದಲ ವರ್ಷದ ಸಂಕಟ ಮಾತ್ರ ಬೇರೆ. ಅದು ಕಾಯಿಲೆ ಕಿತ್ತುಕೊಂಡ ದಿನಗಳ ದುಃಖ, ಅದಕ್ಕೆ ಅಳು ಬಂದರೆ ಅತ್ತುಬಿಡಿ. ಅವಳಿಗೆ ನೋವಾಗಬಾರದು ಅಂತಲೇ ನೀವು ದೂರ ನಿಂತಿದ್ದು, ಅದಕ್ಕೇ ಈ ನೋವು ಇಷ್ಟು ಆಳ. ಆದರೆ ಹಳೇ ಫೋಟೋ ತೆಗೆದು ಎಷ್ಟು ಸಲ ಎತ್ತಿಕೊಂಡಿದ್ದೆ ಅಂತ ಲೆಕ್ಕ ಹಾಕತೊಡಗಿದರೆ, ಅಲ್ಲಿಗೆ ಎದ್ದು ಅವಳ ಜೊತೆ ಆಡಲು ಹೋಗಿ. ಎರಡು ವರ್ಷದ ಮಗುವಿಗೆ ಅಮ್ಮ ಈಗ ಬೇಕು.

ವಾಸಿಯಾಯಿತು ಅಂತ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ದಿನವಿಡೀ ಮನಸ್ಸು ಕುಸಿದಿದ್ದರೆ, ಬದುಕೇ ಬೇಡ ಅನ್ನಿಸಿದರೆ, ಅವತ್ತೇ ಗಂಡನಿಗೂ ಡಾಕ್ಟರಿಗೂ ಹೇಳಿ. ಅದನ್ನು ತಡಮಾಡುವ ಹಾಗಿಲ್ಲ.

ಇನ್ನೊಂದು ಮಾತು. ಈ ಪುಟವನ್ನು ಕತ್ತರಿಸಿ ಎತ್ತಿಡಬೇಡಿ. ರಾತ್ರಿ ತೆಗೆದು ಮೊದಲ ಸಾಲನ್ನು ಓದಿಕೊಳ್ಳಬೇಕು ಅನ್ನಿಸುತ್ತದೆ, ಆಗಲೂ ಅರ್ಧ ಗಂಟೆ ತಡಮಾಡಿ.