ಟವರ್ ಫುಲ್ ಇದ್ದರೂ ಚೌಕಿಪೇಟೆಯಲ್ಲಿ ಲೊಕೇಶನ್ ಯಾಕೆ ತಪ್ಪು ತೋರಿಸುತ್ತದೆ?

ವಿದ್ಯಾನಗರದಲ್ಲಿ ಸರಿಯಾಗಿರುವ ನೀಲಿ ಚುಕ್ಕೆ ದಾವಣಗೆರೆಯ ಚೌಕಿಪೇಟೆಗೆ ಬಂದರೆ ಪಕ್ಕದ ಬೀದಿಗೆ ಹಾರುತ್ತದೆ, ಟವರ್ ಮಾತ್ರ ಫುಲ್, ಸಿಮ್ ಬದಲಿಸಬೇಕಾ ಅಂತ ಕೇಳಿದ್ದೀರಿ.

ಬೇಡ ಸರ್, ಸುಮ್ನೆ ದುಡ್ಡು ದಂಡ. ಹಳೇ ಊರಲ್ಲಿ ಪಾರ್ಸಲ್ ಕೊಡೋದೇ ನನ್ನ ಕೆಲಸ, ಈ ಕಾಟ ದಿನಾ ಇದ್ದದ್ದೇ. ಅಂಗಡಿ ಮೆಟ್ಟಿಲ ಮೇಲೇ ನಿಂತಿರುತ್ತೇನೆ, ಸಾಹುಕಾರರು ಕೈ ಚಾಚಿರುತ್ತಾರೆ, ಆಪ್ ಮಾತ್ರ "ನೀವು ವಿಳಾಸದಿಂದ ದೂರ ಇದ್ದೀರಿ" ಅನ್ನುತ್ತದೆ!

ಫೋನಿನಲ್ಲಿ ಕಾಣುವ ಕಡ್ಡಿಗಳು ಟವರಿನವು. ಜಾಗ ಹೇಳುವುದು ಮುಖ್ಯವಾಗಿ ಜಿಪಿಎಸ್‌ನಂಥ ಉಪಗ್ರಹಗಳು. ಅವು ಸುಮಾರು 20,000 ಕಿ.ಮೀ. ಮೇಲಿವೆ, ಕಡಿಮೆ ಅಂದರೂ 4 ಸಿಗಬೇಕು. ಸಿಗ್ನಲ್ ಬರಲು ಎಷ್ಟು ಹೊತ್ತಾಯಿತು ಅನ್ನುವುದರ ಮೇಲೆ ಫೋನು ದೂರ ಲೆಕ್ಕ ಹಾಕುತ್ತದೆ. ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಡವಾದರೂ 300 ಮೀಟರ್ ವ್ಯತ್ಯಾಸ. ಗಲ್ಲಿಯಲ್ಲಿ ಸಿಗ್ನಲ್ ಎದುರು ಗೋಡೆಗೋ ತಗಡಿನ ಶೀಟಿಗೋ ಬಡಿದು, ಸುತ್ತಿ ಬರುತ್ತದೆ. ಲೆಕ್ಕ ಅಲ್ಲೇ ಕೆಟ್ಟಿತು.

ಪಕ್ಕದ ಬೀದಿಗೇ ಯಾಕೆ ಹಾರಬೇಕು? ಗಲ್ಲಿ ನಡುವೆ ನಿಂತು ತಲೆ ಎತ್ತಿ ನೋಡಿ. ರಸ್ತೆಯ ಉದ್ದಕ್ಕೆ ಒಂದು ಪಟ್ಟಿಯಷ್ಟೇ ಆಕಾಶ. ಎಡಬಲದ ಉಪಗ್ರಹಗಳನ್ನು ಕಟ್ಟಡಗಳು ಮುಚ್ಚಿರುತ್ತವೆ. ಹಾಗಾಗಿ ಗಲ್ಲಿಯಲ್ಲಿ ಎಷ್ಟು ಮುಂದೆ ಬಂದಿದ್ದೀರಿ ಅನ್ನುವುದು ತಕ್ಕಮಟ್ಟಿಗೆ ಸರಿ ಇರುತ್ತದೆ, ಅಡ್ಡಕ್ಕೆ ಜಾಸ್ತಿ ತಪ್ಪುತ್ತದೆ.

ಬರೀ ಟವರ್ ನೋಡಿ ಜಾಗ ಹೇಳಿದರೆ ನೂರಾರು ಮೀಟರ್ ಆಚೀಚೆ ಆಗಬಹುದು. ಆದರೂ ಡೇಟಾ ಆಫ್ ಮಾಡಬೇಡಿ. ಯಾವ ಉಪಗ್ರಹ ಎಲ್ಲಿದೆ ಅನ್ನುವ ಮಾಹಿತಿ ಮೇಲಿನಿಂದಲೇ ಬರಬೇಕಾದರೆ ಅರ್ಧ ನಿಮಿಷವಾದರೂ ಹಿಡಿಯುತ್ತದೆ. ನೆಟ್‌ನಲ್ಲಿ ಬೇಗ ಸಿಗುತ್ತದೆ. ವೈಫೈ ಸ್ಕ್ಯಾನಿಂಗ್ ಕೂಡ ಆನ್ ಇರಲಿ. ಪೇಟೆಯಲ್ಲಿ ಅಂಗಡಿಗೊಂದು ವೈಫೈ ಇದೆ ಅಲ್ವಾ, ಪಾಸ್‌ವರ್ಡ್ ಇಲ್ಲದಿದ್ದರೂ ಅವುಗಳ ಗುರುತಿನ ಸಂಖ್ಯೆ ಹಿಡಿದೇ ಫೋನು ಜಾಗ ಅಂದಾಜು ಮಾಡುತ್ತದೆ. ಟವರಿಗಿಂತ ಇದು ಎಷ್ಟೋ ವಾಸಿ.

ಹೊಸ ಫೋನ್ ತಗೊಳ್ಳುವ ಯೋಚನೆ ಇದ್ದರೆ ಎಲ್1 ಜೊತೆ ಎಲ್5 ಇರೋದನ್ನು ನೋಡಿ. ಇವೆರಡೂ ಉಪಗ್ರಹಗಳು ಸಿಗ್ನಲ್ ಕಳಿಸುವ ಫ್ರೀಕ್ವೆನ್ಸಿಗಳು. ಬಡಿದು ಬಂದ ಸಿಗ್ನಲ್ಲನ್ನು ಎಲ್5 ಇರುವ ಫೋನು ಚೆನ್ನಾಗಿ ಬೇರೆ ಮಾಡುತ್ತದೆ. ಇದಕ್ಕಾಗಿಯೇ ಅಂತ ಬದಲಿಸಬೇಡಿ. ಗಲ್ಲಿಗಳು ಕೂಡುವ ಕಡೆ ಫೋನ್ ಜೇಬಿನಿಂದ ತೆಗೆದು ಸ್ವಲ್ಪ ನಿಂತರೆ ಚುಕ್ಕೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಅಂದಹಾಗೆ, ಎಷ್ಟೋ ಸಲ ತಪ್ಪಿರುವುದು ನಮ್ಮ ಫೋನಲ್ಲ. ಗಿರಾಕಿ ಗೋಡೌನ್ ಒಳಗೆ ಕೂತು ಲೊಕೇಶನ್ ಕಳಿಸಿರುತ್ತಾರೆ. ಹೊರಗೆ ರಸ್ತೆಗೆ ಬಂದು ಇನ್ನೊಂದು ಸಲ ಕಳಿಸಿ ಅನ್ನಿ.