ನಡುವೆ ಕುಸಿಯುವ ಸೇಬಿನ ಬ್ರೆಡ್

ಪ್ರಶ್ನೆ: ಮೇಡಂ, ನಮಸ್ಕಾರ. ಯೀಸ್ಟ್ ಹಾಕದೆ ಮಾಡುವ ಸೇಬು-ದಾಲ್ಚಿನ್ನಿ ಬ್ರೆಡ್ ಮನೆಯಲ್ಲಿ ಎರಡು ಸಲ ಮಾಡಿದೆ. ಎರಡೂ ಸಲ ಓವನ್‌ನಲ್ಲಿ ಚೆನ್ನಾಗಿ ಉಬ್ಬಿತು, ಹೊರಗೆ ತೆಗೆದ ಮೇಲೆ ನಡುವೆ ಗುಂಡಿ ಬಿತ್ತು. ಕತ್ತರಿಸಿದರೆ ಒಳಗೆ ಹಸಿಹಸಿ. ಮೂರು ಸೇಬು ತುರಿದು ಹಾಕಿದ್ದೆ. ಹಗುರಾಗಲಿ ಅಂತ ಒಂದು ತುಂಬು ಚಮಚ ಸೋಡಾ ಹಾಕಿ ಹತ್ತು ನಿಮಿಷ ಬೀಟ್ ಮಾಡಿದೆ. ಎರಡನೇ ಸಲ ಹಿಟ್ಟು ಕಲಸಿಟ್ಟ ಹೊತ್ತಿಗೇ ಕರೆಂಟ್ ಹೋಗಿ ಮುಕ್ಕಾಲು ಗಂಟೆ ಕಾಯಬೇಕಾಯ್ತು. ತಪ್ಪು ಎಲ್ಲಿ ಆಗಿದೆ?
— ಗೃಹಿಣಿ, ಬ್ರಹ್ಮಪುರ, ಕಲಬುರಗಿ

ಉತ್ತರ: ಅಕ್ಕ, ಏನೂ ಬಿಡದೆ ಬರೆದಿದ್ದೀರಿ. ಹೀಗೆ ಬರೆದರೆ ಉತ್ತರ ಹುಡುಕುವುದು ಸುಲಭ. ತಪ್ಪು ಒಂದಲ್ಲ, ಮೂರು ನಾಲ್ಕು ಸೇರಿಕೊಂಡಿವೆ. ಆದರೆ ದೊಡ್ಡದು ನೀರು.

ಸೇಬಿನ ತೂಕದಲ್ಲಿ ನೂರಕ್ಕೆ ಸುಮಾರು 85ರಷ್ಟು ನೀರೇ ಇರುತ್ತದೆ. ಮೂರು ಸೇಬಿನ ಸಿಪ್ಪೆ, ಬೀಜ ತೆಗೆದರೆ ಹತ್ತಿರ ಹತ್ತಿರ 380 ಗ್ರಾಂ ತಿರುಳು ಉಳಿಯುತ್ತದೆ. ಅದರಲ್ಲಿ 320 ಗ್ರಾಂ ನೀರು. ಅಂದರೆ ಮೊಸರು, ಎಣ್ಣೆ ಎಲ್ಲ ಅಳತೆ ಮಾಡಿ ಹಾಕಿದ ಮೇಲೆ, ನಿಮಗೆ ಗೊತ್ತಿಲ್ಲದೆ ಇನ್ನೂ ಒಂದೂಕಾಲು ಕಪ್ಪಿಗಿಂತ ಜಾಸ್ತಿ ನೀರು ಸೇರಿದೆ. ತುರಿದಾಗ ಆ ನೀರು ಬೇಗ ಬಿಡುತ್ತದೆ. ಸಣ್ಣಗೆ ಹೆಚ್ಚಿದರೆ ತುಂಡಿನೊಳಗೇ ಬಹುಪಾಲು ಉಳಿಯುತ್ತದೆ. ಹಾಗಾಗಿ ಎರಡು ಮಧ್ಯಮ ಸೇಬು ಸಾಕು. ತುರಿಯಬೇಡಿ, ನೆನೆಸಿದ ಕಡಲೆಕಾಳಿನಷ್ಟು ತುಂಡು ಮಾಡಿ.

ನಾನು ಮಾಡುವುದು ಹೀಗೆ. ತುಂಡಿಗೆ ಒಂದು ದೊಡ್ಡ ಚಮಚ ಸಕ್ಕರೆ, ಒಂದು ಟೀ ಚಮಚ ನಿಂಬೆರಸ, ಅರ್ಧ ಟೀ ಚಮಚ ದಾಲ್ಚಿನ್ನಿ ಪುಡಿ ಸೇರಿಸಿ ಸಾಣಿಗೆಯಲ್ಲಿ ಹಾಕಿ, ಕೆಳಗೊಂದು ಬಟ್ಟಲಿಟ್ಟು ಇಪ್ಪತ್ತು ನಿಮಿಷ ಬಿಡುತ್ತೇನೆ. ಹನಿ ಹನಿಯಾಗಿ ಕಂದು ಬಣ್ಣದ ರಸ ಇಳಿಯುತ್ತದೆ. ಚೆಲ್ಲಬೇಡಿ, ಸೇಬಿನ ಪರಿಮಳ ಇರುವುದೇ ಅದರಲ್ಲಿ. ಸಣ್ಣ ಬೋಗುಣಿಯಲ್ಲಿ ಹಾಕಿ ಸಣ್ಣ ಉರಿಯಲ್ಲಿ ಕುದಿಸಿ. ಮೊದಲು ದೊಡ್ಡ ಗುಳ್ಳೆ ಬಂದು ಒಡೆಯುತ್ತವೆ. ಆಮೇಲೆ ಗುಳ್ಳೆ ಚಿಕ್ಕದಾಗಿ, ಒತ್ತೊತ್ತಾಗಿ, ಸ್ವಲ್ಪ ಹೊಳೆಯುತ್ತವೆ. ಚಮಚ ಎತ್ತಿದರೆ ರಸ ಜೇನಿನ ಹಾಗೆ ನಿಧಾನಕ್ಕೆ ಜಾರಬೇಕು. ಅಲ್ಲಿಗೆ ಇಳಿಸಿಬಿಡಿ. ಒಂದು ದೊಡ್ಡ ಚಮಚದಷ್ಟು ಉಳಿದಿರುತ್ತದೆ. ಬ್ರೆಡ್ ಬೆಂದು ಬಿಸಿ ಇರುವಾಗಲೇ ಇದನ್ನು ಮೇಲೆ ಸವರಿ. ನೀರು ಹೋಯಿತು, ರುಚಿ ಮನೆಯಲ್ಲೇ ಉಳಿಯಿತು.

ಎರಡನೆಯದು ಬೀಟ್ ಮಾಡಿದ್ದು. ನಾವು ರೊಟ್ಟಿ ಬಡಿಯುವ ನಾಡಿನವರು. ಜೋಳದ ಹಿಟ್ಟಿಗೆ ಕುದಿನೀರು ಹಾಕಿ ನಾದಿದಷ್ಟೂ ರೊಟ್ಟಿ ಅಂಚು ಬಿರಿಯದೆ ಬರುತ್ತದೆ. ಚಿಕ್ಕಂದಿನಿಂದ ನಮ್ಮ ಕೈಗೆ ಅದೇ ರೂಢಿ. ಜೋಳದಲ್ಲಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಎಂಬ ಅಂಟು ಇಲ್ಲ, ಅದಕ್ಕೇ ಬಿಸಿನೀರಿನಿಂದ ಅಂಟು ತರಿಸಿ ನಾದಬೇಕು. ಮೈದಾದಲ್ಲಿ ಗ್ಲುಟೆನ್ ಆಗುವ ಗುಣ ಹಿಟ್ಟಿನಲ್ಲೇ ಇದೆ. ನೀರು ತಾಗಿಸಿ ತಿರುವಿದಷ್ಟೂ ಅದು ರಬ್ಬರಿನ ಹಾಗೆ ಎಳೆಯುತ್ತದೆ. ಯೀಸ್ಟ್ ಬ್ರೆಡ್ಡಿಗೆ ಆ ಎಳೆತ ಬೇಕು, ಇದಕ್ಕೆ ಬೇಡ. ಇಲ್ಲಿ ಒಣ ಪುಡಿ ಕಾಣದಷ್ಟು ಆದರೆ ಮುಗೀತು. ಚಮಚದಿಂದ ಹದಿನೈದು ಸುತ್ತು ಸಾಕು. ಅಲ್ಲಲ್ಲಿ ಸಣ್ಣ ಗಂಟು ಉಳಿದರೂ ಇರಲಿ, ಬೇಯುವಾಗ ಕರಗುತ್ತವೆ. ರೊಟ್ಟಿಯ ಕೈ ಒಂದು ಗಂಟೆ ಪಕ್ಕಕ್ಕಿಡಿ ಅಕ್ಕ, ಅಷ್ಟೇ.

ಸೋಡಾ ಜಾಸ್ತಿ ಹಾಕಿದರೆ ಹಗುರಾಗುವುದಿಲ್ಲ. ಹಿಟ್ಟಿನ ಗೋಡೆ ಗಟ್ಟಿಯಾಗುವ ಮೊದಲೇ ಗಾಳಿ ಒಮ್ಮೆಲೇ ಎದ್ದು ಒಡೆದು ಹೋಗುತ್ತದೆ, ನಡುವೆ ಕುಸಿಯುತ್ತದೆ. ಬಾಯಲ್ಲಿ ಸಾಬೂನಿನ ರುಚಿಯೂ ಉಳಿಯುತ್ತದೆ. ಕರೆಂಟ್ ಹೋದಾಗ ಆದದ್ದು ಇದರ ಉಲ್ಟಾ. ಸೋಡಾ ಮೊಸರಿಗೆ ತಾಗಿದ ಕ್ಷಣದಿಂದಲೇ ಗುಳ್ಳೆ ಏಳಲು ಶುರು. ಮುಕ್ಕಾಲು ಗಂಟೆಯಲ್ಲಿ ಹೆಚ್ಚು ಪಾಲು ಗಾಳಿ ಹೊರಟು ಹೋಗಿರುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟ್ ನಂಬಿ ಕೂರುವ ಹಾಗಿಲ್ಲ, ಅಲ್ವಾ? ಅದಕ್ಕೆ ಒಣ ಸಾಮಾನು ಒಂದು ಬಟ್ಟಲಲ್ಲಿ, ಹಸಿ ಸಾಮಾನು ಇನ್ನೊಂದರಲ್ಲಿ ಇಟ್ಟುಕೊಳ್ಳಿ. ಓವನ್ ಪೂರ್ತಿ ಕಾದ ಮೇಲೆ ಎರಡನ್ನೂ ಸೇರಿಸಿ. ಕರೆಂಟ್ ಹೋದರೂ ಬೇರೆ ಬೇರೆ ಇರುವುದು ಕೆಡುವುದಿಲ್ಲ.

ಇನ್ನು ಅಳತೆ. ಮೈದಾ 200 ಗ್ರಾಂ, ಸಕ್ಕರೆ 120 ಗ್ರಾಂ, ಗಟ್ಟಿ ಮೊಸರು 180 ಗ್ರಾಂ, ಎಣ್ಣೆ 90 ಎಂ.ಎಲ್., ಬೇಕಿಂಗ್ ಪೌಡರ್ ಒಂದು ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ದಾಲ್ಚಿನ್ನಿ ಪುಡಿ ಇನ್ನೂ ಒಂದು ಟೀ ಚಮಚ, ಕಾಲು ಟೀ ಚಮಚ ಉಪ್ಪು. ಟೀ ಚಮಚ ಅಂದರೆ 5 ಎಂ.ಎಲ್., ತಲೆ ಸಮ ಮಾಡಿ ಅಳೆಯಿರಿ. ಸೂರ್ಯಕಾಂತಿ ಎಣ್ಣೆ ಒಳ್ಳೆಯದು. ಗಾಣದ ಕುಸುಬಿ ಎಣ್ಣೆ, ಶೇಂಗಾ ಎಣ್ಣೆ ಪಲ್ಯಕ್ಕೆ ಬಲು ರುಚಿ, ಇಲ್ಲಿ ಮಾತ್ರ ಅವುಗಳ ವಾಸನೆ ಸೇಬನ್ನು ಮುಚ್ಚಿಬಿಡುತ್ತದೆ. ಬೆಣ್ಣೆಗಿಂತ ಎಣ್ಣೆಯನ್ನೇ ಯಾಕೆ ಹೇಳುತ್ತೇನೆ ಅಂದರೆ, ಬೆಣ್ಣೆ ಕೋಣೆಯ ಬಿಸಿಯಲ್ಲಿ ಮೆತ್ತಗಾಗಲಿ ಎಂದು ಪುಸ್ತಕಗಳು ಬರೆಯುತ್ತವೆ. ಮೇ ತಿಂಗಳ ಕಲಬುರಗಿಯಲ್ಲಿ ಅದು ಮೆತ್ತಗಾಗುವುದಿಲ್ಲ, ಹರಿದುಹೋಗುತ್ತದೆ.

ಮೊಸರು, ಎಣ್ಣೆ, ಸಕ್ಕರೆ ಕದಡಿ. ಒಣ ಸಾಮಾನು ಸಾಣಿಸಿ ಅದರ ಮೇಲೆ ಸುರಿದು ತಿರುವಿ. ಕೊನೆಗೆ ಸೇಬು. ಹಿಟ್ಟು ಇಡ್ಲಿ ಹಿಟ್ಟಿಗಿಂತ ಗಟ್ಟಿ ಇರಬೇಕು, ಚಮಚದಿಂದ ಮುದ್ದೆಯಾಗಿ ಬೀಳಬೇಕು, ಹರಿಯಬಾರದು. 8 ಇಂಚು ಉದ್ದ, 4 ಇಂಚು ಅಗಲದ ಟಿನ್‌ನಲ್ಲಿ ಮುಕ್ಕಾಲಿಗಿಂತ ಕಡಿಮೆ ತುಂಬಿ. 175 ಡಿಗ್ರಿಯಲ್ಲಿ 50ರಿಂದ 55 ನಿಮಿಷ. ಮೊದಲ ಅರ್ಧ ಗಂಟೆ ಬಾಗಿಲು ತೆಗೆಯಲೇಬೇಡಿ. ಆಮೇಲೆ ಮೇಲ್ಭಾಗ ಬೇಗ ಕೆಂಪಾದರೆ ಫಾಯಿಲ್ ಹೊದಿಸಿ.

ಬೆಂದಿದೆಯೋ ಇಲ್ಲವೋ ಅಂತ ಕಡ್ಡಿ ಚುಚ್ಚಿ ನೋಡುವುದು ಎಲ್ಲರಿಗೂ ಗೊತ್ತು. ಸೇಬಿನ ತುಂಡಿಗೆ ಚುಚ್ಚಿದರೆ ಕಡ್ಡಿ ಒದ್ದೆಯಾಗಿಯೇ ಬರುತ್ತದೆ, ಆದ್ದರಿಂದ ಎರಡು ಮೂರು ಕಡೆ ನೋಡಿ. ನಾನು ಕಿವಿಯನ್ನೂ ಹತ್ತಿರ ತರುತ್ತೇನೆ. ಒಳಗೆ ಹಸಿ ಇದ್ದರೆ ಚಿಟಿಚಿಟಿ ಸದ್ದು ಜೋರಾಗಿ ಕೇಳುತ್ತದೆ. ಬೆಂದಾಗ ಅದು ಬಹಳ ಮೆಲ್ಲಗಾಗುತ್ತದೆ. ಎರಡು ಮೂರು ಸಲ ಮಾಡಿದರೆ ನಿಮ್ಮ ಕಿವಿಗೂ ಹಿಡಿಯುತ್ತದೆ.

ಒಂದು ಮಾತು ಸೇರಿಸುತ್ತೇನೆ. ಕಳೆದ ಮಳೆಗಾಲದಲ್ಲಿ ಆರು ಜನ ಹೆಣ್ಣುಮಕ್ಕಳಿಗೆ ಕಲಿಸಲು ಕೂತಾಗ ನನ್ನ ಬ್ರೆಡ್ಡೇ ಇಟ್ಟಿಗೆಯಾಯಿತು. ಎಲ್ಲ ಸರಿ ಇತ್ತು. ಬೇಕಿಂಗ್ ಪೌಡರ್ ಡಬ್ಬಿಯ ಮುಚ್ಚಳ ಸಡಿಲವಾಗಿ, ತೇವ ಹೊಕ್ಕು ಪುಡಿ ಸತ್ತಿತ್ತು. ಅವತ್ತಿನಿಂದ ಮೊದಲು ಅರ್ಧ ಚಮಚ ಪುಡಿಯನ್ನು ಬಿಸಿನೀರಿಗೆ ಹಾಕಿ ನೋಡುತ್ತೇನೆ. ಬುರುಬುರು ನೊರೆ ಎದ್ದರೆ ಜೀವ ಇದೆ ಅಂತ. ಸೋಡಾ ಆದರೆ ನೀರಿನ ಬದಲು ನಿಂಬೆರಸ ಹಾಕಿ ನೋಡಿ.

ಪ್ರಶ್ನೆ: ಅಕ್ಕಾ, ನಾನು ಭಾಲ್ಕಿಯಲ್ಲಿ ರೂಮ್ ಮಾಡಿಕೊಂಡು ಓದುತ್ತಿದ್ದೇನೆ. ಓವನ್ ಇಲ್ಲ. ಮನೆಯಿಂದ ತಂದ ಹಳೇ 5 ಲೀಟರ್ ಕುಕ್ಕರ್ ಇದೆ. ಮೊಟ್ಟೆ ತಿನ್ನುವುದಿಲ್ಲ. ಇದರಲ್ಲಿ ಆಗುತ್ತದಾ?
— ವಿದ್ಯಾರ್ಥಿ, ಭಾಲ್ಕಿ, ಬೀದರ್ ಜಿಲ್ಲೆ

ಉತ್ತರ: ಖಂಡಿತ ಆಗುತ್ತದೆ ತಮ್ಮಾ. ಮೇಲೆ ಹೇಳಿದ ಅಳತೆಯಲ್ಲಿ ಮೊಟ್ಟೆ ಇಲ್ಲವೇ ಇಲ್ಲ, ಆ ಕೆಲಸ ಮೊಸರು ಮತ್ತು ಸೋಡಾ ಮಾಡುತ್ತವೆ. ಬೇಕಿಂಗ್ ಪೌಡರ್ ಹುಟ್ಟಿದ ಕಥೆಯೇ ಚೆಂದ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿಯ ಹೆಂಡತಿಗೆ ಮೊಟ್ಟೆಯೂ ಒಗ್ಗುತ್ತಿರಲಿಲ್ಲ, ಯೀಸ್ಟೂ ಒಗ್ಗುತ್ತಿರಲಿಲ್ಲ. ಅವಳಿಗೆ ಬ್ರೆಡ್ ತಿನ್ನಿಸಬೇಕು ಅಂತ ಅವನು 1843ರಲ್ಲಿ ಈ ಪುಡಿ ಮಾಡಿದ. ಪ್ರೀತಿಯಿಂದ ಹುಟ್ಟಿದ ಸಾಮಾನು ಇದು.

ಕುಕ್ಕರಿನ ಸೀಟಿ, ರಬ್ಬರ್ ಎರಡನ್ನೂ ತೆಗೆದುಬಿಡು. ಇದನ್ನು ಮರೆಯಬೇಡ. ನೀರು ಒಂದು ಹನಿಯೂ ಬೇಡ. ತಳಕ್ಕೆ ಅರ್ಧ ಇಂಚು ಪುಡಿ ಉಪ್ಪು ಹರಡಿ, ಮೇಲೆ ಒಂದು ಸ್ಟ್ಯಾಂಡ್ ಇಡು. ಮುಚ್ಚಳ ಮುಚ್ಚಿ ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸು. 6 ಇಂಚಿನ ದುಂಡು ಡಬ್ಬಿಗೆ ಎಣ್ಣೆ ಸವರಿ, ಮೇಲಿನ ಅಳತೆಯ ಅರ್ಧದಷ್ಟೇ ಹಿಟ್ಟು ಹಾಕು. ಡಬ್ಬಿ ಕುಕ್ಕರಿನ ಗೋಡೆಗೆ ತಾಗಬಾರದು, ಸುತ್ತ ಬಿಸಿಗಾಳಿ ಆಡಬೇಕು. ಸಣ್ಣ ಉರಿಯಲ್ಲಿ 40 ನಿಮಿಷ ಆದ ಮೇಲೆ ನೋಡು. ಕೆಲವು ಒಲೆಗೆ ಇನ್ನೂ ಹತ್ತು ನಿಮಿಷ ಬೇಕಾಗುತ್ತದೆ. ಹೊಸ ಕುಕ್ಕರಿನಲ್ಲಿ ಈ ಕೆಲಸ ಬೇಡ, ಒಣಗಿದ ಬಿಸಿಗೆ ತಳ ಹಾಳಾಗುತ್ತದೆ. ಹಳೆಯದನ್ನು ಇದಕ್ಕೇ ಅಂತ ಇಟ್ಟುಬಿಡು.

ಮೇಲ್ಭಾಗ ಬೆಳ್ಳಗೆ ಉಳಿಯುತ್ತದೆ, ಬೇಸರ ಮಾಡಿಕೊಳ್ಳಬೇಡ. ಬಿಸಿ ಕೆಳಗಿನಿಂದ ಮಾತ್ರ ಬರುತ್ತದಲ್ಲ. ನಮ್ಮ ಕಡೆ ಬಿರಿಯಾನಿ ದಮ್ ಹಾಕುವಾಗ ಮುಚ್ಚಳದ ಮೇಲೆ ಕೆಂಡ ಇಡುವುದನ್ನು ನೋಡಿರುತ್ತೀ. ಮೇಲಿನಿಂದಲೂ ಬಿಸಿ ಬೇಕು ಅಂತಲೇ ಅದು. ಊರಿಗೆ ಹೋದಾಗ ಕಟ್ಟಿಗೆ ಒಲೆ ಇದ್ದರೆ ದಪ್ಪ ತಳದ ಬೋಗುಣಿಯಲ್ಲಿ ಹಾಗೆ ಮಾಡಿ ನೋಡು. ಮುಚ್ಚಳದ ಮೇಲಿನ ಕೆಂಡಕ್ಕೆ ಬ್ರೆಡ್ ಮೇಲೆ ಜೇನುಬಣ್ಣದ ಪದರ ಬರುತ್ತದೆ.

ಪ್ರಶ್ನೆ: ಕಿರಾಣಿ ಅಂಗಡಿಯ ದಾಲ್ಚಿನ್ನಿ ಹಾಕಿದರೆ ಖಾರ ಖಾರ, ಸ್ವಲ್ಪ ಕಹಿ ಬರುತ್ತದೆ. ಯಾವುದು ತರಬೇಕು? ಸೇಬು ಯಾವುದು ಒಳ್ಳೆಯದು?
— ಶಿಕ್ಷಕಿ, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಟೀಚರ್, ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಕ್ಯಾಸಿಯಾ. ದಪ್ಪ ತೊಗಟೆ, ಗಡುಸು, ಮುರಿಯಲು ಎರಡೂ ಕೈ ಬೇಕು. ಶ್ರೀಲಂಕಾದ ದಾಲ್ಚಿನ್ನಿ ತೆಳ್ಳಗೆ ಇರುತ್ತದೆ, ಪದರ ಪದರವಾಗಿ ಸುತ್ತಿಕೊಂಡಿರುತ್ತದೆ. ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಘಾಟು ಕಡಿಮೆ, ಸಿಹಿ ಪರಿಮಳ. ಈ ಬ್ರೆಡ್ಡಿಗೆ ನನಗೆ ಅದೇ ಇಷ್ಟ. ಕ್ಯಾಸಿಯಾ ಇದ್ದರೂ ನಡೆಯುತ್ತದೆ, ಒಟ್ಟು ಒಂದು ಟೀ ಚಮಚಕ್ಕೆ ನಿಲ್ಲಿಸಿ. ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ಅಂಶ ಜಾಸ್ತಿ. ಯಾವಾಗಲೋ ತಿನ್ನುವ ಒಂದು ತುಂಡಿಗೆ ಚಿಂತೆ ಇಲ್ಲ. ಲಿವರ್ ತೊಂದರೆ ಇದ್ದವರು ಮಾತ್ರ ದಿನಾ ತಿನ್ನಬಾರದು. ಪುಡಿ ಮನೆಯಲ್ಲೇ ಮಾಡಿಕೊಳ್ಳಿ. ನಿಮ್ಮೂರಿನ ಬಿಸಿಲಿಗೆ ಅರ್ಧ ಗಂಟೆ ಇಟ್ಟರೆ ಮಿಕ್ಸಿಯಲ್ಲಿ ನುಣ್ಣಗಾಗುತ್ತದೆ, ಹುರಿಯುವುದು ಬೇಡ.

ದಾಲ್ಚಿನ್ನಿ ಯೀಸ್ಟನ್ನು ಮಂಕು ಮಾಡುತ್ತದೆ. ಯೀಸ್ಟ್ ಬ್ರೆಡ್ಡಿನಲ್ಲಿ ಅದನ್ನು ಕೈ ಬಿಗಿಹಿಡಿದು ಹಾಕಬೇಕು. ಇಲ್ಲಿ ಯೀಸ್ಟೇ ಇಲ್ಲ, ಆ ಭಯ ಇಲ್ಲ.

ಸೇಬು ಗಟ್ಟಿ ಇರಬೇಕು. ಆಗಸ್ಟ್ ಹೊತ್ತಿಗೆ ಬರುವ ಶಿಮ್ಲಾ ಸೇಬು, ಆಮೇಲೆ ಬರುವ ಕಾಶ್ಮೀರದ ಸೇಬು ಎರಡೂ ಸಿಹಿ ಜಾತಿ, ಹುಳಿ ಕಡಿಮೆ. ಅದಕ್ಕೇ ನಿಂಬೆರಸ ಹೇಳಿದ್ದು. ಹಸಿರು ಸೇಬು ಹುಳಿ ಇರುತ್ತದೆ, ಬೆಂದರೂ ಆಕಾರ ಬಿಡುವುದಿಲ್ಲ, ದುಡ್ಡು ಮಾತ್ರ ಜಾಸ್ತಿ. ಕಚ್ಚಿದರೆ ಹಿಟ್ಟು ಹಿಟ್ಟಾಗಿರುವ ಹಳೇ ಸೇಬು ಬೇಡ, ಅದು ಬ್ರೆಡ್ಡಿನೊಳಗೆ ಕರಗಿ ಒದ್ದೆ ಮಾಡುತ್ತದೆ.

ಪ್ರಶ್ನೆ: ಮಾವನವರಿಗೆ ಸಕ್ಕರೆ ಕಾಯಿಲೆ. ಮೈದಾ ಬದಲು ಪೂರ್ತಿ ಜೋಳದ ಹಿಟ್ಟು ಹಾಕಬಹುದಾ?
— ಸೇಡಂ, ಕಲಬುರಗಿ ಜಿಲ್ಲೆ

ಉತ್ತರ: ಪೂರ್ತಿ ಹಾಕಿದರೆ ಕತ್ತರಿಸುವಾಗ ಉದುರುತ್ತದೆ ತಂಗಿ. ಹಿಡಿದಿಡುವ ಗ್ಲುಟೆನ್ ಇಲ್ಲವಲ್ಲ. 200 ಗ್ರಾಂನಲ್ಲಿ 50 ಗ್ರಾಂ ಬಿಳಿಜೋಳದ ಹಿಟ್ಟು ಹಾಕಿ. ಅದನ್ನು ಮೊಸರಿನಲ್ಲಿ ಅರ್ಧ ಗಂಟೆ ನೆನೆಸಿಡಿ, ಇಲ್ಲದಿದ್ದರೆ ಹಲ್ಲಿಗೆ ತರಿತರಿ ಸಿಗುತ್ತದೆ. ಸೋಡಾ ಮಾತ್ರ ಆಮೇಲೆ, ಮೈದಾ ಜೊತೆ. ಬಿಸಿಲಲ್ಲಿ ಒಣಗಿದ ಜೋಳದ ವಾಸನೆ ದಾಲ್ಚಿನ್ನಿ ಜೊತೆ ಎಷ್ಟು ಚೆನ್ನಾಗಿ ಸೇರುತ್ತದೆ ಅಂತ ಮಾಡಿ ನೋಡಿ. ಆದರೆ ಜೋಳ ಹಾಕಿದ ಮಾತ್ರಕ್ಕೆ ಇದು ಸಕ್ಕರೆ ಕಾಯಿಲೆಯವರ ಊಟ ಆಗುವುದಿಲ್ಲ. ಸಕ್ಕರೆ ಇದೆ, ಹಣ್ಣಿದೆ, ಹಿಟ್ಟಿದೆ. ಸಕ್ಕರೆಯನ್ನು 80 ಗ್ರಾಂಗೆ ಇಳಿಸಬಹುದು. ಬೆಲ್ಲ ಹಾಕಿದರೆ ಸಮಸ್ಯೆ ಹೋಗುತ್ತದೆ ಅಂದುಕೊಳ್ಳಬೇಡಿ, ಬೆಲ್ಲವೂ ಸಕ್ಕರೆಯೇ. ಎಷ್ಟು ತಿನ್ನಬಹುದು ಅಂತ ಅವರ ಡಾಕ್ಟರನ್ನು ಕೇಳಿ, ಆಮೇಲೆ ತೆಳ್ಳನೆಯ ಒಂದು ತುಂಡು ಕೊಡಿ.

ಪ್ರಶ್ನೆ: ಬೆಂಗಳೂರಲ್ಲಿರುವ ಮಗನಿಗೆ ಕಳಿಸಿದರೆ ಕೆಡುತ್ತದಾ?
— ಹುಮನಾಬಾದ್, ಬೀದರ್ ಜಿಲ್ಲೆ

ಉತ್ತರ: ರಾತ್ರಿ ಪ್ರಯಾಣಕ್ಕೆ ಏನೂ ಆಗುವುದಿಲ್ಲ ಅಮ್ಮಾ. ಟಿನ್‌ನಿಂದ ಹತ್ತು ನಿಮಿಷಕ್ಕೆ ತೆಗೆದು, ಜಾಲರಿ ಮೇಲೆ ಮೂರು ಗಂಟೆ ಆರಲು ಬಿಡಿ. ಕೈಗೆ ಒಂಚೂರೂ ಬಿಸಿ ತಾಗಬಾರದು. ಬೆಚ್ಚಗಿರುವಾಗ ಕಟ್ಟಿದರೆ ಒಳಗೆ ಬೆವರಿ ಬೂಸ್ಟು ಬರುತ್ತದೆ. ಕತ್ತರಿಸದೆ ಇಡೀ ಬ್ರೆಡ್ಡನ್ನೇ ಬಟರ್ ಪೇಪರಿನಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಚಳಿಗಾಲದಲ್ಲಿ ಎರಡು ದಿನ ಹೊರಗಿದ್ದರೂ ಸರಿ. ಬೇಸಿಗೆಯಲ್ಲಿ ಒಂದೇ ದಿನ, ಆಮೇಲೆ ಫ್ರಿಜ್. ಮಾಡಿದ ಮರುದಿನವೇ ಇದರ ರುಚಿ ಜಾಸ್ತಿ, ದಾಲ್ಚಿನ್ನಿ ಒಳಗೆಲ್ಲ ಇಳಿದಿರುತ್ತದೆ. ಹಾಗಾಗಿ ಹೊರಡುವ ದಿನ ಬೆಳಿಗ್ಗೆ ಮಾಡಿ ಕಳಿಸಿ. ಅಲ್ಲಿ ಹಂಚಿನ ಮೇಲೆ ಒಂದು ಚೂರು ತುಪ್ಪ ಹಾಕಿ ಬಿಸಿ ಮಾಡಿಕೊಂಡು ತಿನ್ನಲಿ.